ಸೊನ್ನೆ ರೂಪಾಯಿ ಟಿಕೆಟ್

ನ್ಯಾಮತಿ
26 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ಅಂಬಿ,

ನಿನ್ನ ಚಿಕ್ಕಮ್ಮನ ಆಶೀರ್ವಾದಗಳು. ಇಲ್ಲಿ ನಿನ್ನ ಅಪ್ಪನಿಗೆ ನೆಗಡಿ, ಸೊಕ್ಕೆಯಲ್ಲಿ ನಿನ್ನ ಅಜ್ಜಿಗೆ ಮಂಡಿನೋವು, ನನಗೆ ಕಂಡಕ್ಟರ್‌ಗಳಿಗೆಲ್ಲ ಇರುವ ಗಂಟಲುನೋವು. ಇಷ್ಟು ಬಿಟ್ಟರೆ ಎಲ್ಲರೂ ಆರಾಮ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಅಂದುಕೊಂಡಿದ್ದೇನೆ. ಕೇರಳದ ಆ ಕುಚ್ಚಲಕ್ಕಿ ಅನ್ನ ಈಗ ಒಗ್ಗಿತಾ?

ಮೊದಲು ಬೈಸಿಕೊಳ್ಳುವ ವಿಷಯ ಹೇಳಿಬಿಡುತ್ತೇನೆ. ಮಂಗಳವಾರ ನೀನು ಅಳುತ್ತಾ ಫೋನ್ ಮಾಡಿ, "ಚಿಕ್ಕಮ್ಮ, ನಂಗೆ ಇಲ್ಲಿ ಇರಾಕೆ ಆಗಲ್ಲ, ಊರಿಗೆ ಟಿಕೆಟ್ ಮಾಡ್ಸು" ಅಂದೆ. ನಾನು "ಆತು, ಮಾಡ್ಸ್ತೀನಿ ಅಳಬ್ಯಾಡ" ಅಂದೆ. ಬುಧವಾರ ನೀನು ಮೆಸೇಜ್ ಹಾಕಿ ಕೇಳಿದೆ, ಆಮೇಲೂ ಕೇಳಿದೆ. ನಾನು ಉತ್ತರ ಕೊಡಲಿಲ್ಲ. ಟಿಕೆಟ್ಟೂ ಮಾಡಿಸಿಲ್ಲ. ಬೆಳಗಾದರೆ ಊರಿಗೆಲ್ಲ ಟಿಕೆಟ್ ಕೊಡುವವಳು ಮನೆಯ ಹುಡುಗಿಗೆ ಒಂದು ಟಿಕೆಟ್ ಮಾಡಿಸಲಿಲ್ಲ ಅಂತ ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ. ಆದರೆ ಈ ಕಾಗದ ಪೂರ್ತಿ ಓದಿ ಆಮೇಲೆ ಸಿಟ್ಟಾಗು. ಫೋನಿನಲ್ಲಿ ಹೇಳಿದರೆ "ಹ್ಞೂಂ, ಹ್ಞೂಂ" ಅಂತೀಯ. ವಾಟ್ಸಾಪಿನಲ್ಲಿ ಬರೆದರೆ ಓದು ಬಾರದವರ ಹಾಗೆ ಹೆಬ್ಬೆಟ್ಟು ಒತ್ತಿ ಕಳಿಸುತ್ತೀಯ. ಅದಕ್ಕೇ ಇವತ್ತು ಬೆಳಗಿನ ಡ್ಯೂಟಿ ಮುಗಿಸಿಕೊಂಡು ಬಂದು, ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಸ್ಪೀಡ್ ಪೋಸ್ಟಿಗೆ ಹಾಕಿದರೆ ಬರುವ ಭಾನುವಾರದ ನಿಮ್ಮ ಮ್ಯಾಚಿಗೆ ಮೊದಲು ಸಿಗುತ್ತದೆ.

ನನಗೆ ಅರ್ಥವಾಗಿರುವುದು ಇಷ್ಟು. ಭಾನುವಾರದ್ದು ಕೊನೆಯ ಅಭ್ಯಾಸ ಪಂದ್ಯ. ಅದಾದ ಮೇಲೆ ನಿಮ್ಮ ಫುಟ್‌ಬಾಲ್ ಕ್ಲಬ್ಬಿನ ಕೋಚ್ ಮೇಡಂ ಮೂವರು ಗೋಲ್‌ಕೀಪರ್‌ಗಳಲ್ಲಿ ಇಬ್ಬರನ್ನು ಲೀಗಿಗೆ ಇಟ್ಟುಕೊಂಡು ಒಬ್ಬರನ್ನು ಮನೆಗೆ ಕಳಿಸುತ್ತಾರೆ. ಅವರು ಕಳಿಸುವ ಮೊದಲೇ ಎದ್ದು ಬರಬೇಕು ಅನ್ನುವುದು ನಿನ್ನ ಲೆಕ್ಕಾಚಾರ. ನೀನು ಚಿಕ್ಕವಳಿದ್ದಾಗ ಕಣ್ಣಾಮುಚ್ಚಾಲೆ ಆಡುವಾಗಲೂ ಹಾಗೇ ಮಾಡುತ್ತಿದ್ದೆ. ಹುಡುಕುವವರು ಹತ್ತಿರ ಬಂದರೆ ನೀನೇ ಎದ್ದು "ನಾ ಇಲ್ಲಿದೀನಿ" ಅಂತ ಕೂಗುತ್ತಿದ್ದೆ.

ಈಗ ಊರಿನ ಸುದ್ದಿ. ನಾವು ನಿನಗೆ ಹೇಳದೆ ಮುಚ್ಚಿಟ್ಟದ್ದು.

ಮೊದಲನೇ ಮ್ಯಾಚ್ ನಾಲ್ಕು–ಸೊನ್ನೆ ಗೆದ್ದಿರಲ್ಲ, ಅವತ್ತು ನೀನು ಅಪ್ಪನಿಗೆ ಫೋನ್ ಮಾಡಿದೆ. ಅವರು ಆಗ ಟ್ಯಾಂಕಿನ ಹತ್ತಿರ ಮೇಲಿನ ಓಣಿಗೆ ನೀರು ಬಿಡುತ್ತಿದ್ದರು. ಸುದ್ದಿ ಕೇಳಿದ ಖುಷಿಗೆ ವಾಲ್ವ್ ಮುಚ್ಚುವುದನ್ನೇ ಮರೆತು ಮನೆಗೆ ಓಡಿ ಬಂದರು. ಮೇಲಿನ ಓಣಿಯವರು ಕೊಡ, ಬಕೆಟ್ಟು, ಕುಕ್ಕರ್ ಎಲ್ಲ ತುಂಬಿಸಿ, ಕೊನೆಗೆ ಬೀದಿ ತೊಳೆದರಂತೆ. ಪಟ್ಟಣ ಪಂಚಾಯಿತಿಯಲ್ಲಿ ಇಷ್ಟು ವರ್ಷ ವಾಟರ್‌ಮನ್ ಆಗಿ ದುಡಿದ ಮನುಷ್ಯ, ಒಂದು ದಿನವೂ ಹೀಗೆ ಮಾಡಿದವರಲ್ಲ. ಬಂದವರೇ ಬುದ್ಧನ ಫೋಟೋ ಮುಂದೆ ದೀಪ ಹಚ್ಚಿ, ಸೊಕ್ಕೆಗೆ ಫೋನ್ ಮಾಡಿ, "ಅವ್ವಾ, ನಿನ್ ಮೊಮ್ಮಗಳು ಗೆದ್ಲು" ಅಂದರು. ನಿನ್ನ ಅಜ್ಜಿ, "ನಾ ದುರ್ಗಮ್ಮಗೆ ಹರಕೆ ಹೊತ್ತಿದ್ನಲ್ಲ, ಗೆಲ್ದೆ ಏನು?" ಅಂತು. ಬುದ್ಧನಿಗೂ ದುರ್ಗಮ್ಮನಿಗೂ ನಮ್ಮ ಮನೆಯಲ್ಲಿ ಜಗಳವಿಲ್ಲ, ಅದು ನಿನಗೆ ಗೊತ್ತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಚಿತ್ತಪ್ಪ, ಅಪ್ಪನ ಗೆಳೆಯ, ಅವನಿಗೆ ಯಾರ ಮನೆಯಲ್ಲಿ ಏನಾದರೂ ಒಂದು ಫ್ಲೆಕ್ಸ್ ಹೊಡೆಯದಿದ್ದರೆ ಉಂಡದ್ದು ಜೀರ್ಣವಾಗುವುದಿಲ್ಲ. ಬೆಳಗಾಗುವಷ್ಟರಲ್ಲಿ ಸರ್ಕಲ್ಲಿನ ಕಂಬಕ್ಕೆ ಆಳೆತ್ತರದ ಫ್ಲೆಕ್ಸ್ ಕಟ್ಟಿಬಿಟ್ಟಿದ್ದ. ಗ್ಲೌಸ್ ಹಾಕಿಕೊಂಡ ನೀನು, ನಿನ್ನ ಕೈಗೆ ಇಂಟರ್ನೆಟ್ಟಿನಿಂದ ತೆಗೆದು ಅಂಟಿಸಿದ ದೊಡ್ಡ ಬೆಳ್ಳಿ ಕಪ್ಪು. ಮೇಲೆ ಒಂದು ಕಡೆ ಬಾಬಾಸಾಹೇಬರು, ಒಂದು ಕಡೆ ದುರ್ಗಮ್ಮ. "ನಮ್ಮ ನ್ಯಾಮತಿಯ ಹೆಮ್ಮೆಯ ಪುತ್ರಿ, ಫುಟ್‌ಬಾಲ್ ಚಾಂಪಿಯನ್ ಕು. ದುರ್ಗಾಂಬಿಕಾ ಪರಶುರಾಮ್ ಅವರಿಗೆ ಹಾರ್ದಿಕ ಅಭಿನಂದನೆಗಳು." ಕೆಳಗೆ ಸಾಲಾಗಿ ಓಣಿಯವರ ಮುಖಗಳು, ನಿನ್ನ ಮ್ಯಾಚು ನೋಡದವರದ್ದೂ ಸೇರಿ. ಅಪ್ಪನ ಪಕ್ಕ ನನ್ನದೂ ಒಂದು ಫೋಟೋ ಹಾಕಿದ್ದ, ಯೂನಿಫಾರ್ಮಿನಲ್ಲಿರುವುದು. ಅವತ್ತು ಹೊನ್ನಾಳಿಗೆ ಹೋಗುವಾಗ ನಮ್ಮ ಡ್ರೈವರ್ ತಿಪ್ಪೇರುದ್ರಣ್ಣ ಬಸ್ಸು ನಿಧಾನ ಮಾಡಿ ಹಾರ್ನ್ ಹೊಡೆದು ಎಲ್ಲರಿಗೂ ತೋರಿಸಿದರು. ನಾನು ನಾಚಿಕೆಯಾದಂತೆ ಮಾಡಿದೆ, ಆದರೆ ವಾಪಸ್ ಬರುವಾಗ ನಾನೇ "ಅಣ್ಣ, ಒಂಚೂರು ಸ್ಲೋ ಮಾಡ್ರಿ" ಅಂದೆ.

ಸಂಜೆ ನಿಮ್ಮ ಪಿ.ಟಿ. ಮೇಷ್ಟ್ರು, ಮಾರುತಿ ಮಾಸ್ತರು, ಫ್ಲೆಕ್ಸ್ ನೋಡಿ ನಗಬೇಕೋ ಅಳಬೇಕೋ ತಿಳಿಯದೆ ಮನೆಗೆ ಬಂದರು. ಆ ಮಾತುಕತೆ ಹಾಗೇ ಬರೆಯುತ್ತೇನೆ.

"ಪರಶುರಾಮಣ್ಣ, ಇದು ಪ್ರೀ ಸೀಸನ್ ಮ್ಯಾಚು. ಲೀಗು ಇನ್ನೂ ಶುರುನೇ ಆಗಿಲ್ಲ. ಇದಕ್ಕೆ ಪಾಯಿಂಟೂ ಇಲ್ಲ, ಕಪ್ಪೂ ಇಲ್ಲ."

"ಪಾಯಿಂಟ್ ಇಲ್ಲಾಂದ್ರೆ ಯಾಕ್ ಆಡ್ತಾರ್ರೀ ಮತ್ತೆ?"

"ತಾಲೀಮು ಕಣಣ್ಣ. ಯಾರು ಹೆಂಗೆ ಆಡ್ತಾರೆ ನೋಡಾಕೆ."

"ಹಂಗಾರೆ ನನ್ ಮಗಳು ಗೆದ್ದಿದ್ದು ಸುಳ್ಳಾ?"

"ಸುಳ್ಳಲ್ಲ. ಆದ್ರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ."

ನಿನ್ನ ಅಪ್ಪ ಚಿತ್ತಪ್ಪನನ್ನು ಕರೆಸಿ ಹೇಳಿದರೆ ಅವನು, "ಚಾಂಪಿಯನ್ ಅನ್ನೋದರ ಮ್ಯಾಲೆ ಬಿಳಿ ಸ್ಟಿಕ್ಕರ್ ಹೊಡ್ದು 'ಭಾವಿ' ಅಂತ ಹಾಕಾನ ಬಿಡು" ಅಂದ. ನಾಳೆ ಹೊಡೆಯೋಣ, ನಾಡಿದ್ದು ಹೊಡೆಯೋಣ ಅನ್ನುತ್ತಾ ದೀಪಾವಳಿ ಬಂತು. ಸ್ಟಿಕ್ಕರ್ ಬರುವ ಮೊದಲು ನಿಮ್ಮ ಎರಡನೇ ಮ್ಯಾಚು ಬಂತು.

ಆರು–ಸೊನ್ನೆ ಸೋತಿರಿ. ಅದೂ ಯಾವುದೋ ಅಕಾಡೆಮಿಯ ಹುಡುಗರ ಮೇಲೆ. ನಿಮ್ಮ ಕ್ಲಬ್ಬಿನವರು ಅದನ್ನು ಯೂಟ್ಯೂಬಿಗೆ ಬೇರೆ ಹಾಕಿದ್ದರು. ಚಹಾದಂಗಡಿಯಲ್ಲಿ ಕೂತವರಿಗೆ ಬೇರೆ ಕೆಲಸ ಬೇಕಲ್ಲ, ಎದುರಿಗೆ ಫ್ಲೆಕ್ಸ್, ಕೈಯಲ್ಲಿ ಫೋನು. "ಚಾಂಪಿಯನ್ನು ಆರು ತಿಂದ್ಲಂತೆ" ಅಂತ ಒಬ್ಬ, "ಕಪ್ಪು ಹಿಡ್ಕೊಂಡಿದ್ಲಲ್ಲ, ಕೈ ಖಾಲಿ ಇರಲಿಲ್ಲ ಪಾಪ" ಅಂತ ಇನ್ನೊಬ್ಬ. ಅಪ್ಪ ಅದನ್ನು ಕೇಳಿಸಿಕೊಂಡೇ ಬಂದರು. ನಾನು ಸಮಾಧಾನಕ್ಕೆ, "ಮಾಸ್ತರು ಹೇಳಿಲ್ವೇನ್ರೀ, ಇದು ಲೆಕ್ಕಕ್ಕಿಲ್ಲ ಅಂತ" ಅಂದೆ. ಅವರು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಗೆದ್ದಿದ್ದು ಲೆಕ್ಕಕ್ಕಿಲ್ಲ ಜ್ಯೋತಿ, ಸೋತಿದ್ದು ಮಾತ್ರ ಹೆಂಗೆ ಲೆಕ್ಕಕ್ಕೆ ಬತ್ತೈತೆ ನೋಡು."

ಮಾರನೇ ದಿನ ಅವರೇ ಕಂಬ ಹತ್ತಿ ಫ್ಲೆಕ್ಸ್ ಬಿಚ್ಚಿದರು. ಯಾರ ಮೇಲೂ ಕೂಗಾಡಲಿಲ್ಲ. ಸೀರೆ ಮಡಿಸುವ ಹಾಗೆ ನಿನ್ನ ಮುಖಕ್ಕೆ ಗೆರೆ ಬೀಳದಂತೆ ಮಡಿಸಿಕೊಂಡು ಬಂದರು. ಶುಕ್ರವಾರ ನನಗೆ ರಜೆ, ಇಬ್ಬರೂ ಸೊಕ್ಕೆಗೆ ಹೋದೆವು. ಅಲ್ಲಿ ಮೆಕ್ಕೆಜೋಳ ಮುರಿದು ಕಣದಲ್ಲಿ ರಾಶಿ ಹಾಕಿದ್ದರು, ಜಗಳೂರಿನ ಕಡೆ ಮೋಡ ಕಟ್ಟಿತ್ತು, ತಾಡಪಾಲು ಸಾಲದಾಗಿತ್ತು. ಅಜ್ಜಿ ಫ್ಲೆಕ್ಸ್ ನೋಡಿದ್ದೇ ತಡ, ಅಪ್ಪನ ಕೈಯಿಂದ ಕಿತ್ತುಕೊಂಡು ರಾಶಿಯ ಮೇಲೆ ಹಾಸಿ ನಾಲ್ಕೂ ಮೂಲೆಗೆ ಕಲ್ಲು ಇಟ್ಟಿತು. ಅಪ್ಪ "ಅವ್ವಾ, ಅದು ಅಂಬಿ ಕಣವ್ವ" ಅಂದರೆ, "ಗೊತ್ತೈತೆ ಬಿಡು. ಒಂದು ಹನಿ ಒಳಗೆ ಬಿಡಂಗಿಲ್ಲ, ಕಾಯ್ಲಿ" ಅಂತು. ರಾತ್ರಿ ಮಳೆ ಬಂತು. ಜೋಳ ನೆನೆಯಲಿಲ್ಲ. ಅಜ್ಜಿ ಬೆಳಿಗ್ಗೆ ಎದ್ದು ಫ್ಲೆಕ್ಸಿನ ಮೇಲಿನ ನೀರು ಕೊಡವುತ್ತಾ, "ನೋಡ್ರಿ, ಆರು ಬಿಟ್ಲಂತೆ ಅಂತೀರಿ" ಅಂದಾಗ ನಿನ್ನ ಅಪ್ಪ ವಾರದಲ್ಲಿ ಮೊದಲ ಸಲ ನಕ್ಕರು.

ಇನ್ನು ಟಿಕೆಟ್ಟಿನ ವಿಷಯ.

ಬುಧವಾರ ನನಗೆ ಚನ್ನಗಿರಿಯಿಂದ ದಾವಣಗೆರೆ ಟ್ರಿಪ್ಪು. ಚನ್ನಗಿರಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಫೋನ್ ತೆಗೆದೆ, ನಿನ್ನ ಹೆಸರು, ವಯಸ್ಸು ಎಲ್ಲ ಹಾಕಿದೆ. ಇನ್ನು ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ತಿಪ್ಪೇರುದ್ರಣ್ಣ ಗಾಡಿ ಎತ್ತಿದರು. ಸೂಳೆಕೆರೆ ಹತ್ತಿರ ಮೀನಿನ ಬುಟ್ಟಿ ಹಿಡಿದು ಒಬ್ಬ ಮುದುಕಿ ಹತ್ತಿತು. ನಾನು ಟಿಕೆಟ್ ಕೊಟ್ಟೆ. ಈಗ ಹೆಂಗಸರಿಗೆ ದುಡ್ಡಿಲ್ಲವಲ್ಲ, ಮೆಷಿನ್ನಿನಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ ಬರುತ್ತದೆ. ಮುದುಕಿ ಅದನ್ನು ತಿರುಗಿಸಿ ನೋಡಿ, "ದುಡ್ಡೇ ಇಲ್ದ ಟಿಕೆಟ್ ಯಾಕವ್ವ? ಸುಮ್ನೆ ಕಾಗದ ದಂಡ" ಅಂತ ಕಿಟಕಿಯಿಂದ ಬಿಸಾಡಲು ಹೋಯಿತು.

ನಾನು ದಿನವೂ ಹೇಳುವ ಮಾತನ್ನೇ ಹೇಳಿದೆ. "ಇಟ್ಕೋ ಅಜ್ಜಿ. ಸೊನ್ನೆ ಆದ್ರೂ ನೀನು ಹತ್ತಿದ್ದು ಲೆಕ್ಕ ಆಗ್ಬೇಕು. ಈ ಟಿಕೆಟ್ ಇಲ್ಲಾಂದ್ರೆ ಇವತ್ತು ನೀನು ಈ ಬಸ್ನಾಗೆ ಇರಲೇ ಇಲ್ಲ ಅಂತ ಅರ್ಥ. ಚೆಕಿಂಗ್‌ನೋರು ಬಂದ್ರೆ ಮೆಮೊ ನಂಗೇ."

"ನಾನು ಇಲ್ಲಾ? ಇಷ್ಟು ದೊಡ್ಡ ಬುಟ್ಟಿ ಇಟ್ಕೊಂಡು ಕುಂತೀನಿ" ಅಂತ ಮುದುಕಿ ನಕ್ಕು, ಟಿಕೆಟ್ಟನ್ನು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಿತು.

ದಿನಾ ಹೇಳುವ ಮಾತು, ಅವತ್ತು ನನಗೇ ತಾಗಿತು. ನಿನ್ನ ಮ್ಯಾಚುಗಳೂ ಸೊನ್ನೆ ಟಿಕೆಟ್ಟೇ ಅಲ್ಲವಾ? ಪಾಯಿಂಟ್ ಸೊನ್ನೆ. ಹಾಗಂತ ನೀನು ಅಲ್ಲಿ ಇರಲೇ ಇಲ್ಲ ಅನ್ನಲು ಆಗುತ್ತದಾ? ಮುದುಕಿ ಇಳಿದ ಮೇಲೆ ಫೋನು ನೋಡಿದರೆ ನಾನು ತುಂಬಿದ್ದೆಲ್ಲ ಅಳಿಸಿಹೋಗಿತ್ತು. ಮತ್ತೆ ತುಂಬಲಿಲ್ಲ.

ನನಗೆ ಫುಟ್‌ಬಾಲ್ ಬರುವುದಿಲ್ಲ. ಆಫ್‌ಸೈಡ್ ಅಂದರೆ ಏನು ಅಂತ ನೀನು ಉಪ್ಪಿನ ಡಬ್ಬಿ, ಖಾರದ ಡಬ್ಬಿ ಇಟ್ಟು ಹೇಳಿಕೊಟ್ಟರೂ ನನ್ನ ತಲೆಗೆ ಹತ್ತಲಿಲ್ಲ. ಆದರೆ ನೀನು ಫೋನಿನಲ್ಲಿ ಬಿಕ್ಕುತ್ತಾ ಹೇಳಿದ ಒಂದು ಮಾತನ್ನು ನಾನು ಹಿಡಿದುಕೊಂಡಿದ್ದೇನೆ. "ಕೋಚ್ ಮೇಡಂ ಬಾಲ್ ದೂರ ಒದಿಬ್ಯಾಡ, ಕಾಲಾಗೇ ಪಾಸ್ ಮಾಡು ಅಂದಿದ್ರು. ಹಂಗೆ ಮಾಡಾಕೆ ಹೋಗಿ ಮೂರು ಗೋಲು ನಾನೇ ಕೊಟ್ಟೆ. ಐದು ಆದ್ಮೇಲೂ ಪಾಸೇ ಮಾಡು ಅಂದ್ರು. ಮಾಡ್ದೆ. ಅದೂ ಹೋತು." ನೀನು ಅಳುತ್ತಿದ್ದೆ. ನನಗೆ ಮಾತ್ರ, ಬೇಜಾರು ಮಾಡಿಕೊಳ್ಳಬೇಡ, ಒಳಗೊಳಗೇ ಖುಷಿಯಾಯಿತು. ಐದು ಹೋದ ಮೇಲೂ ಹೇಳಿದ ಕೆಲಸವನ್ನೇ ಮಾಡಿದೆಯಲ್ಲ ಹುಡುಗಿ! ನಾನಾಗಿದ್ದರೆ ಚೆಂಡನ್ನು ಸಮುದ್ರಕ್ಕೆ ಒದ್ದು ಬರುತ್ತಿದ್ದೆ.

ನಾವು ಕಂಡಕ್ಟರ್ ಟ್ರೈನಿಂಗಿನಲ್ಲಿದ್ದಾಗ ನಿಂತ ಬಸ್ಸಿನಲ್ಲಿ ನಮ್ಮನಮ್ಮವರೇ ಪ್ರಯಾಣಿಕರಾಗಿ ಕೂತು ಟಿಕೆಟ್ ಕೊಡುವ ಅಭ್ಯಾಸ ಮಾಡುತ್ತಿದ್ದೆವು. ನಾನು ಹೊನ್ನಾಳಿಗೆ ಕೊಡಬೇಕಾದ ಕಡೆ ಹರಿಹರಕ್ಕೆ ಕೊಟ್ಟೆ, ಚಿಲ್ಲರೆ ಎರಡು ಸಲ ವಾಪಸ್ ಕೊಟ್ಟೆ. ಅಳು ಬಂತು. ಹೇಳಿಕೊಡುವವರು, "ಇಲ್ಲೇ ಎಲ್ಲಾ ತಪ್ಪು ಮಾಡಿ ಮುಗಿಸಮ್ಮ, ಲೈನ್ ಮೇಲೆ ಹೋದಾಗ ಉಳ್ಸ್ಕೋಬ್ಯಾಡ" ಅಂದರು. ಆದರೆ ಅವರು ಅಷ್ಟು ಹೇಳಿ ಕಣ್ಣು ಮುಚ್ಚಿ ಕೂತಿರಲಿಲ್ಲ. ಯಾರು ತಪ್ಪು ಮಾಡಿ ಮತ್ತೆ ಮೆಷಿನ್ ಹಿಡಿಯುತ್ತಾರೆ, ಯಾರು ಮೂಲೆ ಹಿಡಿದು ಕೂರುತ್ತಾರೆ ಅಂತ ನೋಡುತ್ತಲೇ ಇದ್ದರು. ಅದಕ್ಕೇ ಹೇಳುತ್ತೇನೆ, "ಇದು ಲೆಕ್ಕಕ್ಕಿಲ್ಲ" ಅನ್ನುವವರನ್ನೂ ಪೂರ್ತಿ ನಂಬಬೇಡ, ಆರು–ಸೊನ್ನೆ ಅಂತ ಕುಣಿಯುವವರನ್ನೂ ನಂಬಬೇಡ. ಆರು ಅನ್ನುವ ಸಂಖ್ಯೆಯನ್ನು ನಾಳೆ ಯಾರೂ ಕೇಳುವುದಿಲ್ಲ. ಆರರ ಮಾರನೇ ದಿನ ನೀನು ಮೈದಾನಕ್ಕೆ ಬಂದೆಯೋ ಇಲ್ಲವೋ ಅನ್ನುವುದನ್ನು ನಿಮ್ಮ ಮೇಡಂ ಖಂಡಿತ ನೋಡುತ್ತಾರೆ.

ಭಾನುವಾರ ಆಡು ಅಂಬಿ. ಆಡಿದ ಮೇಲೆ ಅವರೇ ಬೇಡ ಅಂದರೆ ನೀನು ಒಬ್ಬಳೇ ಬ್ಯಾಗ್ ಹೊತ್ತುಕೊಂಡು ಬರಬೇಡ. ನಾನು ಬಂದು ಕರೆದುಕೊಂಡು ಬರುತ್ತೇನೆ. ಸೋಮವಾರಕ್ಕೆ ರಜೆ ಬರೆದುಕೊಟ್ಟಿದ್ದೇನೆ. ಇಟ್ಟುಕೊಂಡರೆ ಆ ರಜೆಯಲ್ಲಿ ಮಲಗಿ ನಿದ್ದೆ ಮಾಡುತ್ತೇನೆ, ಎರಡೂ ನನಗೆ ಲಾಭವೇ.

ಈ ವಾರವೆಲ್ಲ ನನಗೆ ಯಾಕೋ ಎಲ್ಲರ ಋಣ ನೆನಪಾಗುತ್ತಿದೆ. ವಾಲಿಬಾಲ್ ಆಡುತ್ತಿದ್ದ ನಿನ್ನನ್ನು ಗೋಲಿನ ಮುಂದೆ ನಿಲ್ಲಿಸಿದ ಮಾರುತಿ ಮಾಸ್ತರ ಋಣ. ಅವರು ನಿನ್ನೆಯೂ ಬಂದು, "ಆಕೆ ಫೋನ್ ಮಾಡಿದ್ರೆ ಭುಜ ಇಳಿಬಿಡಬ್ಯಾಡ ಅಂತ ಹೇಳ್ರಿ" ಅಂದು ಹೋದರು. ಊರು ಕೇರಿ ಗೊತ್ತಿಲ್ಲದ ನಿನಗೆ ಮೂರನೇ ಜಾಗ ಕೊಟ್ಟು ನೋಡೋಣ ಅಂದ ನಿಮ್ಮ ಮೇಡಂ ಋಣ. ಆರು ಸಲ ಚೆಂಡು ಹೊಡೆದು ನಿನಗೆ ಕಲಿಸಿದ ಆ ಹುಡುಗರಿಗೂ ಒಂದು ಥ್ಯಾಂಕ್ಸ್ ಹೇಳಿಬಿಡು. ಎಲ್ಲಕ್ಕಿಂತ ಮೊದಲು ಹೇಮಾವತಿಯಕ್ಕನ ಋಣ. ಆ ಉದ್ದನೆ ಕೈ, ಆ ಎತ್ತರ, ಎಲ್ಲ ನಿನ್ನ ತಾಯಿ ಕೊಟ್ಟು ಹೋದದ್ದು. ಪ್ರತಿ ಅಮಾವಾಸ್ಯೆಗೆ ಆಕೆಯ ಫೋಟೋ ಒರೆಸುವಾಗ ನಾನು ಅದನ್ನು ಆಕೆಗೆ ಹೇಳುತ್ತೇನೆ.

ಕೈ ಆಕೆಯದ್ದು ನಿಜ, ಆದರೆ ಕ್ಯಾಚು ನನ್ನ ಬಸ್ಸಿನದ್ದು! ನೀನು ಎರಡನೇ ಕ್ಲಾಸಿನಲ್ಲಿದ್ದೆ, ನಾನು ಆಗಷ್ಟೇ ಈ ಮನೆಗೆ ಬಂದಿದ್ದೆ. ರಜೆಯಲ್ಲಿ ನಿನ್ನನ್ನು ಬಿಡಲು ಜಾಗವಿಲ್ಲದೆ ಬಸ್ಸಿಗೇ ಕರೆದೊಯ್ಯುತ್ತಿದ್ದೆ. ಹೊನ್ನಾಳಿ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಜನ ಸೀಟು ಹಿಡಿಯಲು ಕಿಟಕಿಯಿಂದ ಟವೆಲು, ಚೀಲ, ಒಮ್ಮೊಮ್ಮೆ ಚಪ್ಪಲಿ ಕೂಡ ಎಸೆಯುತ್ತಿದ್ದರು. ನೀನು ಸೀಟಿಂದ ಸೀಟಿಗೆ ಹಾರಿ ಎಲ್ಲವನ್ನೂ ಹಿಡಿದು ಕಿಟಕಿಯಿಂದಲೇ ವಾಪಸ್ ಎಸೆಯುತ್ತಿದ್ದೆ. ಜನ ನನ್ನ ಹತ್ತಿರ ಜಗಳಕ್ಕೆ ಬಂದರೆ ನೀನು ನನ್ನ ಹಿಂದೆ ಬಂದು ನಿಲ್ಲುತ್ತಿದ್ದೆ. ಮನೆಯಲ್ಲಿ ನನ್ನ ಜೊತೆ ಮಾತೇ ಆಡದ ಹುಡುಗಿ, ಬಸ್ಸಿನಲ್ಲಿ ನನ್ನ ಚೀಲದ ಪಟ್ಟಿ ಹಿಡಿದುಕೊಂಡು ನಿಲ್ಲುತ್ತಿದ್ದಳು. ಆ ಜಗಳಗಳಿಗೂ ನಾನು ಋಣಿ.

ಕೊನೆಗೆ ನಿನಗೆ. ಗೆದ್ದ ದಿನ ನೀನು ಅಪ್ಪನಿಗೆ ಫೋನ್ ಮಾಡಿದೆ. ಅದು ಸರಿಯೇ. ಸೋತ ದಿನ ಅಪ್ಪನ ನಂಬರ್ ಬಿಟ್ಟು ನನ್ನ ನಂಬರ್ ಒತ್ತಿದೆ. ಫೋನಿಟ್ಟ ಮೇಲೆ ನಾನು ಡಿಪೋದ ನಲ್ಲಿಯ ಹತ್ತಿರ ನಿಂತು ಸುಮ್ಮನೆ ಮುಖ ತೊಳೆದೆ. ಅಳು ನಿನಗಾಗಿ ಬಂತೋ ನನಗಾಗಿ ಬಂತೋ ಗೊತ್ತಾಗಲಿಲ್ಲ. ನೀನು ಅಷ್ಟು ಕೊಟ್ಟಿದ್ದು ನನಗೆ ಬಹಳ ಆಯಿತು.

ಚೆನ್ನಾಗಿ ನಿದ್ದೆ ಮಾಡು. ಗ್ಲೌಸ್ ಒದ್ದೆ ಇಡಬೇಡ, ವಾಸನೆ ಬರುತ್ತದೆ. ಬುದ್ಧ, ಬಾಬಾಸಾಹೇಬರು, ಅಜ್ಜಿಯ ದುರ್ಗಮ್ಮ, ಮೇಲಿರುವ ಹೇಮಾವತಿಯಕ್ಕ, ಎಲ್ಲರೂ ಭಾನುವಾರ ನಿನ್ನ ಗೋಲಿನ ಹಿಂದೆ ನಿಂತಿರಲಿ. ನೂರು ವರ್ಷ ಬಾಳು.

ನಿನ್ನ
ಚಿಕ್ಕಮ್ಮ ಜ್ಯೋತಿಲಕ್ಷ್ಮಿ

ಮರೆತಿದ್ದು: ಬರೆಯಬಾರದು ಅಂತ ಕವರ್ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ಫ್ಲೆಕ್ಸಿನಲ್ಲಿ ಎರಡು ತಪ್ಪಿದ್ದವು. ಚಾಂಪಿಯನ್ ಅನ್ನುವುದನ್ನು ಊರೆಲ್ಲ ನೋಡಿ ನಕ್ಕಿತು. ಇನ್ನೊಂದು ಕೆಳಗೆ, ನನ್ನ ಫೋಟೋದಡಿ ಇತ್ತು. ಚಿತ್ತಪ್ಪ ಅಲ್ಲಿ "ತಾಯಿ" ಅಂತ ಹಾಕಿದ್ದ. ಅದನ್ನು ಓದಲಿಕ್ಕೇ ನಾನು ಬಸ್ಸು ನಿಧಾನ ಮಾಡಿಸಿದ್ದು. ಅದೇ ವಾರ ನಿಮ್ಮ ಕ್ಲಬ್ಬಿನವರು ಹೊಸ ಆಟಗಾರ್ತಿಯರ ವೀಡಿಯೊ ಬಿಟ್ಟರಲ್ಲ, ಡಿಪೋದ ರೆಸ್ಟ್ ರೂಮಿನಲ್ಲಿ "ನನ್ ಮಗಳು ಬಂದ್ಲು, ಬರ್ರೇ" ಅಂತ ಎಲ್ಲರನ್ನೂ ಕರೆದು ಕೂರಿಸಿಕೊಂಡು ಹಾಕಿದೆ. ವೀಡಿಯೊದಲ್ಲಿ ಅವರು ನಿನ್ನನ್ನು ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದರು. ನೀನು, "ಅಪ್ಪ, ಅಜ್ಜಿ. ಅಮ್ಮ ಇಲ್ಲ" ಅಂದೆ. ನಾನು "ಯಾಕೋ ಸೌಂಡೇ ಸರಿ ಬರ್ತಿಲ್ಲ" ಅಂತ ಆಫ್ ಮಾಡಿದೆ. ನೀನು ಹೇಳಿದ್ದರಲ್ಲಿ ಸುಳ್ಳೇನಿಲ್ಲ ಮಗಳೇ, ಹೇಮಾವತಿಯಕ್ಕನ ಜಾಗ ನನಗೆ ಬೇಡ. ಇನ್ನೊಂದು ಸಲ ಯಾರಾದರೂ ಕೇಳಿದರೆ, ಮನೆಯಲ್ಲಿ ಒಬ್ಬಳು ಕಂಡಕ್ಟರ್ ಇದ್ದಾಳೆ ಅಂತಾದರೂ ಹೇಳು. ಸೊನ್ನೆ ಟಿಕೆಟ್ಟೇ ಸಾಕು. ನಾನೂ ಈ ಬಸ್ಸಿನಲ್ಲಿ ಇದ್ದೆ ಅಂತ ಆಗಲಿ.